ನೆನಪಿನ ಶಕ್ತಿ ಮತ್ತು ರಕ್ತನಾಳಗಳ ಆರೋಗ್ಯ
(ಕಾಮೋಠೆಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ಹಿರಿಯರಿಗೆ ಮರೆವು ಹೆಚ್ಚಾದಾಗ ‘ಅರವತ್ತಕ್ಕೆ ಅರಳುಮರಳು’ ಎಂದು ಹೇಳಿ ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಕನ್ನಡಕವನ್ನು ಎಲ್ಲಿಟ್ಟೆವೆಂಬುದನ್ನು ಮರೆಯುವುದು ಸಹಜವೇ. ಆದರೆ ದಿನವೂ ನಡೆಯುವ ದಾರಿ ತಿಳಿಯದಾಗುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಮನೆಯವರ ಗುರುತು ತಪ್ಪುವುದು ವಯಸ್ಸಿನ ಸಹಜ ಗುಣಗಳಲ್ಲ. ಇವು ಡಿಮೆನ್ಷಿಯಾ ಎಂಬ ಸ್ಥಿತಿಯ ಲಕ್ಷಣಗಳಾಗಿರಬಹುದು. ಇದಕ್ಕೆ ಮುಖ್ಯ ಕಾರಣ ಆಲ್ಝೈಮರ್ ಕಾಯಿಲೆ. ನಮ್ಮ ದೇಶದಲ್ಲಿ 60 ವರ್ಷ ದಾಟಿದ ಸುಮಾರು 88 ಲಕ್ಷ ಜನರು ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ.

1906ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ ಅವರು ರೋಗಿಯೊಬ್ಬರ ಮಿದುಳಿನಲ್ಲಿ ಕಂಡ ಗೋಜಲಾದ ಎಳೆಗಳನ್ನೂ ಶೇಖರಗೊಂಡಿದ್ದ ವಸ್ತುವನ್ನೂ ವಿವರಿಸಿದರು. ಈ ರೋಗವುಳ್ಳ ಅನೇಕ ವೃದ್ಧರ ಮಿದುಳಿನಲ್ಲಿ ರಕ್ತನಾಳಗಳೂ ಹಾಳಾಗಿರುವುದು ಇಂದು ತಿಳಿದುಬಂದಿದೆ. ದೇಹದ ತೂಕದಲ್ಲಿ ಮಿದುಳಿನ ಪಾಲು ಶೇಕಡ 2ರಷ್ಟು ಮಾತ್ರ. ಆದರೆ ಹೃದಯವು ಹೊರದೂಡುವ ರಕ್ತದಲ್ಲಿ ಸುಮಾರು ಶೇಕಡ 15ರಷ್ಟು ಅದಕ್ಕೆ ಬೇಕು. ಅಧಿಕ ರಕ್ತದೊತ್ತಡ, ಮಧುಮೇಹ ಮತ್ತು ತಂಬಾಕಿನಿಂದ ಸೂಕ್ಷ್ಮ ನಾಳಗಳು ಗಡುಸಾಗುತ್ತವೆ. ಆಗ ಮಿದುಳಿನ ಜೀವಕೋಶಗಳಿಗೆ ಪೋಷಣೆ ಕಡಿಮೆಯಾಗುತ್ತದೆ. ಆಲ್ಝೈಮರ್ ಇರುವವರಲ್ಲಿ ಈ ಹಾನಿಯೂ ಸೇರಿಕೊಂಡರೆ ಮರೆವು ಬೇಗನೆ ಪ್ರಕಟವಾಗುತ್ತದೆ.

ಆದ್ದರಿಂದ ಎಪ್ಪತ್ತರಲ್ಲಿ ಕಾಣಿಸಿಕೊಳ್ಳುವ ಕಾಯಿಲೆಯ ಬಗ್ಗೆ ನಲವತ್ತರಲ್ಲೇ ಎಚ್ಚರ ವಹಿಸಬೇಕು. ಮುಂಜಾನೆ ಮಾನಸರೋವರ ನಿಲ್ದಾಣದಲ್ಲಿ ಲೋಕಲ್ ರೈಲು ಹಿಡಿದು, ದಿನವಿಡೀ ಕುಳಿತು ದುಡಿದು, ರಾತ್ರಿ ಮನೆ ಸೇರುವವರಿಗೆ ವ್ಯಾಯಾಮಕ್ಕೆ ಸಮಯ ಸಿಗುವುದು ಕಷ್ಟವೆಂಬುದು ನಿಜ. ಆದರೂ ವಾರಕ್ಕೆ 150 ನಿಮಿಷಗಳ ಚುರುಕಾದ ನಡಿಗೆ ಸಾಕು. ಅದನ್ನು ಹಂಚಿಕೊಂಡು ಮಾಡಬಹುದು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಬೀಡಿ, ಸಿಗರೇಟು ಮತ್ತು ಗುಟ್ಕಾಗಳನ್ನು ಸಂಪೂರ್ಣವಾಗಿ ತ್ಯಜಿಸಬೇಕು. ತಲೆನೋವಿಲ್ಲವೆಂದು ರಕ್ತದೊತ್ತಡದ ಮಾತ್ರೆಯನ್ನು ನಿಲ್ಲಿಸುವುದು ಅಪಾಯಕರ. ಈ ರೋಗವು ಯಾವ ಸೂಚನೆಯನ್ನೂ ನೀಡದೆಯೇ ಹಾನಿ ಮಾಡುತ್ತದೆ.

‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು 2024ರ ವರದಿಯಲ್ಲಿ ಬದಲಾಯಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಗುರುತಿಸಿದೆ. ಕೊಲೆಸ್ಟರಾಲ್, ಶ್ರವಣದೋಷ, ದೃಷ್ಟಿದೋಷ ಮತ್ತು ಒಂಟಿತನ ಇವುಗಳಲ್ಲಿ ಸೇರಿವೆ. ಇವೆಲ್ಲವನ್ನೂ ನಿವಾರಿಸಿದರೆ ಸುಮಾರು ಶೇಕಡ 45ರಷ್ಟು ಡಿಮೆನ್ಷಿಯಾವನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವೆಂದು ಆಯೋಗ ಅಂದಾಜು ಮಾಡಿದೆ. ವಯಸ್ಸು ಮತ್ತು ಅನುವಂಶೀಯತೆ ನಮ್ಮ ಕೈಯಲ್ಲಿಲ್ಲ. ಶಿಸ್ತಿನಿಂದ ಬಾಳಿದವರಿಗೂ ಈ ಕಾಯಿಲೆ ಬರಬಹುದು. ಆದ್ದರಿಂದ ರೋಗಿಯನ್ನಾಗಲಿ ಅವರ ಮನೆಯವರನ್ನಾಗಲಿ ದೂಷಿಸುವುದು ಸಲ್ಲದು. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿಯೂ 45 ವರ್ಷ ದಾಟಿದವರ ಮಿದುಳಿನ ಆರೋಗ್ಯವನ್ನು ಕುರಿತು ದೀರ್ಘಕಾಲದ ಅಧ್ಯಯನವನ್ನು ಕೈಗೊಳ್ಳಲಾಗಿದೆ.

ಮರೆವು ಕಂಡುಬಂದಲ್ಲಿ ಸಂಕೋಚಪಡದೆ ವೈದ್ಯರನ್ನು ಕಾಣಿರಿ. ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ ಮತ್ತು ಮನಸ್ಸಿನ ಖಿನ್ನತೆಯಿಂದಲೂ ಮರೆವು ಉಂಟಾಗಬಹುದು, ಇವುಗಳಿಗೆ ಚಿಕಿತ್ಸೆಯಿದೆ. ಆಲ್ಝೈಮರ್ ಕಾಯಿಲೆಯನ್ನು ಗುಣಪಡಿಸುವ ಔಷಧಿ ಮಾತ್ರ ಇನ್ನೂ ಇಲ್ಲ. ರೋಗಿಯ ಆರೈಕೆಯ ಭಾರವು ಮನೆಯ ಒಬ್ಬ ಹೆಣ್ಣುಮಗಳ ಮೇಲೆಯೇ ಬೀಳದಂತೆ ಎಲ್ಲರೂ ಹಂಚಿಕೊಳ್ಳಬೇಕು.

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ವರ್ಷ ದಾಟಿದವರಿಗೆ ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆಯ ಸೌಲಭ್ಯವಿದೆ. ಈ ವಾರವೇ ತಾವೂ ಪರೀಕ್ಷೆ ಮಾಡಿಸಿಕೊಂಡು, ಮನೆಯ ಹಿರಿಯರಿಗೂ ಮಾಡಿಸಬೇಕೆಂದು ಕೋರಿ ನನ್ನ ಮಾತುಗಳನ್ನು ಮುಗಿಸುತ್ತೇನೆ.