ಹಿತ್ತಲ ಕೈತೋಟಕ್ಕೆ ಯಾವ ಕಾಂಪೋಸ್ಟ್?



ಹೊಲಕ್ಕೆ ಗಾಡಿಗಟ್ಟಲೆ ಗೊಬ್ಬರ ಹೊಡೆಯುವ ಎಷ್ಟೋ ಮನೆಗಳಲ್ಲಿ ಹಿತ್ತಲ ಬದನೆ, ಹೀರೆ, ಸೊಪ್ಪಿನ ಮಡಿಗಳಿಗೆ ಹಸಿ ಸಗಣಿಯೋ ಅರೆ ಕೊಳೆತ ಕಸವೋ ಬೀಳುತ್ತದೆ. ಇದರಿಂದ ಗಿಡ ಹಳದಿಯಾಗುತ್ತದೆ. ಬೇರಿಗೆ ಗೆದ್ದಲು, ಗೊಣ್ಣೆಹುಳು ಸೇರುತ್ತವೆ. ಒಣ ಎಲೆ, ಹುಲ್ಲುಗಳನ್ನು ಕೊಳೆಸುವ ಸೂಕ್ಷ್ಮ ಜೀವಿಗಳಿಗೂ ಸಾರಜನಕ ಬೇಕು. ಕಸವು ಮಡಿಯಲ್ಲೇ ಕೊಳೆಯತೊಡಗಿದರೆ ಅವು ಗಿಡದ ಪಾಲಿನ ಸಾರಜನಕವನ್ನೇ ಬಳಸಿಕೊಳ್ಳುತ್ತವೆ. ಆದುದರಿಂದ ಕಸವನ್ನು ಮೊದಲು ಚೆನ್ನಾಗಿ ಕಳಿಸಿ, ಅನಂತರವೇ ಮಡಿಗೆ ಹಾಕಬೇಕು.

ಇದಕ್ಕೆ ಮುಖ್ಯವಾಗಿ ಮೂರು ವಿಧಾನಗಳಿವೆ. ಯಾವುದು ತಕ್ಕದ್ದು ಎಂಬುದು ಮನೆಯಲ್ಲಿರುವ ನೀರು, ಆಳು ಮತ್ತು ಬಿಡುವನ್ನು ಅವಲಂಬಿಸಿದೆ.

ಇಂದೋರ್ ವಿಧಾನ

ಆಲ್ಬರ್ಟ್ ಹೋವಾರ್ಡ್ ಮತ್ತು ಯಶವಂತ ವಾಡ್ ಅವರು 1924ರಿಂದ 1931ರವರೆಗೆ ಇಂದೋರಿನಲ್ಲಿ ಇದನ್ನು ರೂಪಿಸಿದರು. ಕಸ, ಸಗಣಿ ಬಗ್ಗಡ, ಸ್ವಲ್ಪ ಮಣ್ಣು ಮತ್ತು ಬೂದಿಯನ್ನು ಪದರ ಪದರವಾಗಿ ಹಾಕಿ, 15, 30 ಮತ್ತು 60ನೆಯ ದಿನಗಳಲ್ಲಿ ಮಗುಚಿ ನೀರು ಚಿಮುಕಿಸಬೇಕು. ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧ. ರಾಶಿಯ ಕಾವು ಚೆನ್ನಾಗಿ ಏರಿದರೆ ಕಳೆಬೀಜಗಳೂ ಸಾಯುತ್ತವೆ. ಆದರೆ ರಾಶಿ ಉದ್ದ, ಅಗಲ, ಎತ್ತರಗಳಲ್ಲಿ 3 ಅಡಿಯಾದರೂ ಇಲ್ಲದಿದ್ದರೆ ಕಾವು ನಿಲ್ಲುವುದಿಲ್ಲ. ದಿನಕ್ಕೊಂದು ಮಂಕರಿ ಕಸ ಸುರಿಯುತ್ತಾ ಹೋದರೆ ಈ ವಿಧಾನ ಫಲಿಸದು. ಕಸವನ್ನು ಕೂಡಿಟ್ಟು ಒಮ್ಮೆಲೇ ರಾಶಿ ಹಾಕಬೇಕು.

ಬೆಂಗಳೂರು ವಿಧಾನ

1939ರಲ್ಲಿ ಡಾ. ಸಿ. ಎನ್. ಆಚಾರ್ಯ ಅವರು ರೂಪಿಸಿದ್ದು. ಹಿತ್ತಲಿಗೆ 4 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳದ ಗುಂಡಿ ಸಾಕು. ಅರ್ಧ ಅಡಿ ಕಸ, ಅದರ ಮೇಲೆ ಎರಡು ಅಂಗುಲ ಸಗಣಿ, ಹೀಗೆ ತುಂಬಿ, ನೆಲಮಟ್ಟಕ್ಕಿಂತ ಒಂದಡಿ ಮೇಲೆ ಏರಿಸಬೇಕು. ಎಂಟು ಹತ್ತು ದಿನ ಕಳೆದ ಮೇಲೆ ಮಣ್ಣು ಸಗಣಿ ಕಲಸಿ ಮೆತ್ತಿ ಮುಚ್ಚಬೇಕು. ಮಗುಚುವ ಕೆಲಸವಿಲ್ಲ, ಮತ್ತೆ ನೀರೂ ಬೇಡ. ಆದರೆ ಆರರಿಂದ ಎಂಟು ತಿಂಗಳು ಕಾಯಬೇಕು. ಕಾವು ಕಡಿಮೆಯಾದುದರಿಂದ ಬೀಜ ಕಟ್ಟಿದ ಕಳೆ, ರೋಗ ತಗುಲಿದ ಗಿಡಗಳನ್ನು ಈ ಗುಂಡಿಗೆ ಹಾಕಬಾರದು.

ಎರೆಗೊಬ್ಬರ

ದಿನವೂ ಸ್ವಲ್ಪ ಸ್ವಲ್ಪ ಕಸ ಸಿಗುವ ಮನೆಗೆ ಇದು ಅನುಕೂಲ. ಕಸ ಸಗಣಿಯನ್ನು 15–20 ದಿನ ಬೇರೆ ಕಡೆ ಕೊಳೆಸಿ, ಕಾವು ಆರಿದ ಮೇಲೆಯೇ ಎರೆಹುಳು ಬಿಡಬೇಕು. ಬಿಸಿಯಲ್ಲಿ ಹುಳು ಬದುಕವು. ನೆರಳು, ಸದಾ ತೇವ, ಇರುವೆ ಇಲಿಗಳಿಂದ ರಕ್ಷಣೆ, ಈ ಮೂರೂ ಅಗತ್ಯ. ಉಪ್ಪು, ಎಣ್ಣೆ, ಸೋಪಿನ ನೀರು ಸೋಕಬಾರದು. ಸುಮಾರು ಎರಡು ತಿಂಗಳಲ್ಲಿ ಗೊಬ್ಬರ ದೊರೆಯುತ್ತದೆ. ಬೇಸಿಗೆಯಲ್ಲಿ ನೀರಿಗೆ ತೊಂದರೆಯಿರುವ ಮನೆಯವರು ಇದಕ್ಕೆ ಕೈ ಹಾಕದಿರುವುದು ಲೇಸು.

ಆಯ್ಕೆ ಹೇಗೆ?

ಆಳು, ನೀರು ಎರಡೂ ಇದ್ದು ಬೇಗ ಗೊಬ್ಬರ ಬೇಕಾದರೆ ಇಂದೋರ್ ವಿಧಾನ. ನೆರಳು ಮತ್ತು ದಿನನಿತ್ಯದ ಗಮನ ಸಾಧ್ಯವಿದ್ದರೆ ಎರೆಗೊಬ್ಬರ. ನೀರು, ಬಿಡುವು ಎರಡೂ ಕಡಿಮೆಯಿರುವ ಬಯಲುಸೀಮೆಯ ಮನೆಗೆ ಬೆಂಗಳೂರು ವಿಧಾನವೇ ಸೂಕ್ತ. ಎರಡು ಗುಂಡಿಗಳಿದ್ದರೆ ಒಂದು ಮಾಗುವಾಗ ಇನ್ನೊಂದಕ್ಕೆ ಕಸ ಕೂಡಿಡಬಹುದು. ಮುಂಗಾರಿನ ಮಡಿಗೆ ಗೊಬ್ಬರ ಬೇಕಾದರೆ ನವೆಂಬರಿನಲ್ಲೇ ಗುಂಡಿ ಮುಚ್ಚಬೇಕೆಂಬುದನ್ನು ಮರೆಯಬಾರದು.

ಯಾವ ವಿಧಾನವಾದರೂ ಗುಂಡಿ ಬಾವಿಯಿಂದ ದೂರ, ನೀರು ನಿಲ್ಲದ ಎತ್ತರದ ಜಾಗದಲ್ಲಿರಲಿ. ತುಂಬುವಾಗ ತೇವದ ಹದ ನೋಡಲು ಒಂದು ಹಿಡಿ ಕಸವನ್ನು ಹಿಂಡಬೇಕು. ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಗೊಬ್ಬರ ಕಪ್ಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದು, ಎಲೆ ಕಡ್ಡಿಗಳ ಗುರುತು ಸಿಗದಂತಾದರೆ ಮಾಗಿದೆಯೆಂದು ತಿಳಿಯಬಹುದು. ಅನುಮಾನವಿದ್ದರೆ ಕುಂಡದ ಮಣ್ಣಿಗೆ ಸ್ವಲ್ಪ ಬೆರೆಸಿ ನಾಲ್ಕು ಅಲಸಂದೆ ಕಾಳು ಊರಿ ನೋಡಿ. ಮೊಳಕೆ ಸೊರಗದಿದ್ದರೆ 10 ಅಡಿ ಉದ್ದ, 10 ಅಡಿ ಅಗಲದ ಮಡಿಗೆ 20ರಿಂದ 25 ಕಿಲೋ ಹಾಕಿ ಮಣ್ಣಿನಲ್ಲಿ ಬೆರೆಸಬಹುದು.

ಹಿತ್ತಲ ತರಕಾರಿ ಮನೆಮಂದಿಯ ತಟ್ಟೆಗೇ ಬರುವಂಥದು. ಅದರ ಮಣ್ಣಿಗೆ ಹಾಕುವ ಗೊಬ್ಬರವನ್ನು ಕಾದು ಮಾಗಿಸುವುದು ಗೃಹಕೃತ್ಯದಷ್ಟೇ ಮುಖ್ಯವಾದ ಕೆಲಸ.