ಅಡಿಕೆಯ ಧಾರಣೆ, ಎಣ್ಣೆಯ ಧಾರಣೆ

2014ನೇ ಇಸವಿಯನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರು ಅಷ್ಟು ಸುಲಭಕ್ಕೆ ಮರೆಯಲಾರರು. ಕೆಂಪಡಿಕೆಗೆ ಅಲ್ಲಿಯವರೆಗೆ ಯಾರೂ ಕಂಡಿರದ ಧಾರಣೆ ಬಂದ ವರ್ಷ ಅದು. ಆಗ ಮಾರಿ ಮನೆ ಕಟ್ಟಿಸಿದವರಿದ್ದಾರೆ. ಇನ್ನೂ ಏರುತ್ತದೆಂದು ಅಟ್ಟದ ಮೇಲಿನ ಚೀಲ ಇಳಿಸದೆ ಕೂತವರೂ ಇದ್ದಾರೆ. ಮರುವರ್ಷ ಧಾರಣೆ ಜಾರತೊಡಗಿ, ನೋಡನೋಡುತ್ತಿದ್ದಂತೆ ಅರ್ಧಕ್ಕೂ ಕೆಳಗಿಳಿಯಿತು.

ಅದೇ 2014ರ ಜೂನ್‌ನಲ್ಲಿ ಕಚ್ಚಾ ತೈಲದ ಒಂದು ಪೀಪಾಯಿಗೆ ಸುಮಾರು 115 ಡಾಲರ್ ಇತ್ತು. 2016ರ ಜನವರಿಗೆ ಅದು 30 ಡಾಲರಿಗೂ ಕೆಳಗೆ ಬಂತು. ಅಡಿಕೆಯನ್ನು ತೈಲ ಬೀಳಿಸಲಿಲ್ಲ, ತೈಲವನ್ನು ಅಡಿಕೆಯಂತೂ ಬೀಳಿಸಲಿಲ್ಲ. ಕಾಲ ಕೂಡಿಬಂದದ್ದು ಆಕಸ್ಮಿಕ. ಆದರೆ ಎರಡೂ ಏರಿದ ಬಗೆ, ಬಿದ್ದ ಬಗೆ ಮಾತ್ರ ಆಕಸ್ಮಿಕವಲ್ಲ. ಅಡಿಕೆಯ ಲೆಕ್ಕ ಗೊತ್ತಿದ್ದವರಿಗೆ ತೈಲದ ಲೆಕ್ಕ ಮುಕ್ಕಾಲು ಪಾಲು ಗೊತ್ತಿದ್ದ ಹಾಗೆಯೇ.

ಬೆಲೆ ಏರಿತೆಂದು ನಾಳೆಯೇ ಹೆಚ್ಚು ಅಡಿಕೆ ಬೆಳೆಯಲಾಗದು. ಇಂದು ನೆಟ್ಟ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು. ಬೆಲೆ ಬಿತ್ತೆಂದು ಮರಕ್ಕೆ ಕೊನೆ ಬಿಡಬೇಡ ಎನ್ನಲೂ ಆಗದು. ತೈಲದ ಹೊಸ ನಿಕ್ಷೇಪ ಹುಡುಕಿ ಕೊಳವೆ ಇಳಿಸಲೂ ವರ್ಷಗಳೇ ಹಿಡಿಯುತ್ತವೆ. ಇನ್ನು ಬೇಡಿಕೆ. ಅಡಿಕೆ ದುಬಾರಿಯಾಯಿತೆಂದು ಕವಳ ಹಾಕುವವರು ಕವಳ ಬಿಟ್ಟದ್ದನ್ನು ನಾನು ಕಂಡಿಲ್ಲ. ಡೀಸೆಲ್ ತುಟ್ಟಿಯಾಯಿತೆಂದು ಲಾರಿಯೂ ನೀರು ಕುಡಿದು ಓಡುವುದಿಲ್ಲ. ಪೂರೈಕೆ ನಿಧಾನ, ಬೇಡಿಕೆ ಹಟಮಾರಿ. ಹೀಗಿರುವಾಗ ನೂರಕ್ಕೆ ಒಂದೆರಡು ಪಾಲು ಹೆಚ್ಚುಕಡಿಮೆಯಾದರೂ ಅದರ ಭಾರವನ್ನೆಲ್ಲ ಬೆಲೆಯೇ ಹೊರಬೇಕು. 2013ರ ಮಳೆಗಾಲದಲ್ಲಿ ಹೊಡೆದ ಬೋರ್ಡೋ ದ್ರಾವಣ ಒಣಗಲೂ ಬಿಡದೆ ಮಳೆ ಸುರಿಯಿತು, ಕೊಳೆರೋಗ ಮಲೆನಾಡಿನ ತೋಟಗಳನ್ನು ಹಿಂಡಿತು. ಮುಂದಿನ ವರ್ಷದ ಧಾರಣೆಯ ಹಿಂದೆ ಉದುರಿಹೋದ ಆ ಕಾಯಿಗಳ ಲೆಕ್ಕವೂ ಇದೆ.

ಈ ಮೂರು ತಾಲೂಕುಗಳ ತೋಟಿಗರ ಕೈಯಲ್ಲಿ ಇನ್ನೊಂದು ಕೀಲಿ ಇದೆ, ಹೊರಗಿನವರಿಗೆ ಅದು ಕಾಣುವುದೇ ಇಲ್ಲ. ಕಾಯಿ ಹಸಿರಿರುವಾಗಲೇ ಕೊನೆ ಇಳಿಸಿ, ಸುಲಿದು, ಚೊಗರಿನಲ್ಲಿ ಬೇಯಿಸಿದರೆ ಕೆಂಪಡಿಕೆ: ರಾಶಿ, ಬೆಟ್ಟೆ. ಹಣ್ಣಾಗಲು ಬಿಟ್ಟು, ಅಂಗಳದಲ್ಲಿ ತಿಂಗಳುಗಟ್ಟಲೆ ಒಣಗಿಸಿ, ಆಮೇಲೆ ಸುಲಿದರೆ ಚಾಲಿ. ಕೆಂಪಡಿಕೆಯನ್ನು ಹೆಚ್ಚಾಗಿ ಕೊಳ್ಳುವವರು ಉತ್ತರ ಭಾರತದ ಪಾನ್ ಮಸಾಲಾ ತಯಾರಕರು. ಚಾಲಿಗೆ ಗುಜರಾತಿನ ಕಡೆಯಿಂದ ಬೇಡಿಕೆ. ಮಂಗಳೂರು ಸೀಮೆಯವರು ಚಾಲಿಗೆ, ತೀರ್ಥಹಳ್ಳಿ ಕಡೆಯವರು ಕೆಂಪಿಗೆ ಅಂಟಿಕೊಂಡರೆ, ನಮ್ಮವರು ಎರಡನ್ನೂ ಬಲ್ಲರು. ಹಾಗಾಗಿ ಕೆಂಪಿಗೂ ಚಾಲಿಗೂ ಬೆಲೆಯ ಅಂತರ ಹಿಗ್ಗಿದ ವರ್ಷ ಒಂದಷ್ಟು ಮನೆಗಳು ಬೇಯಿಸುವ ಹಂಡೆಯನ್ನು ಒಲೆಗೇರಿಸುತ್ತವೆ. ಅಂತರ ಕುಗ್ಗಿದರೆ, ಕೆಲಸದವರು ಸಿಗದಿದ್ದರೆ, ಹಂಡೆ ಮೂಲೆ ಸೇರುತ್ತದೆ. ಎಲ್ಲರೂ ಕೆಂಪು ಮಾಡಿದ ವರ್ಷ ಚಾಲಿಯ ಆವಕ ತಗ್ಗಿ, ಚಾಲಿಯೇ ಮೇಲೇಳುವುದುಂಟು. ಮೂರು ತಾಲೂಕುಗಳ ಈ ಅಡಿಕೆಗೆ 2019ರಲ್ಲಿ ‘ಸಿರ್ಸಿ ಸುಪಾರಿ’ ಎಂಬ ಭೌಗೋಳಿಕ ಸೂಚಕ ಸಿಕ್ಕಿತು. ಹೆಸರು ಬಂದದ್ದು ಸಂತೋಷವೇ, ಆದರೆ ಹೆಸರಿನಿಂದ ಆವಕದ ಲೆಕ್ಕ ಬದಲಾಗದು.

ಈಗ ಆರ್ಥಿಕ ಏರಿಳಿತದ ಮಾತು. 2008ರ ಜುಲೈನಲ್ಲಿ ತೈಲ 147 ಡಾಲರ್ ಮುಟ್ಟಿತ್ತು. ಅಮೆರಿಕದ ಬ್ಯಾಂಕುಗಳು ಕುಸಿದು ಕಾರ್ಖಾನೆಗಳು ಮಂಕಾದವು. ಡಿಸೆಂಬರಿಗೆ ತೈಲ 40 ಡಾಲರಿಗೂ ಕೆಳಗಿತ್ತು. ಅಡಿಕೆಗೆ ಹಿಂಜರಿತ ತಟ್ಟುವ ದಾರಿ ಬೇರೆ. ತಿನ್ನುವವನ ಬಾಯಿಗಿಂತ ಮೊದಲು ಅದು ವ್ಯಾಪಾರಿಯ ಕೈಯ ದುಡ್ಡಿಗೆ ತಟ್ಟುತ್ತದೆ. 2016ರ ನವೆಂಬರಿನಲ್ಲಿ ನೋಟು ರದ್ದಾದಾಗ ಅಡಿಕೆಯೂ ಇತ್ತು, ತಿನ್ನುವವರೂ ಇದ್ದರು, ನಡುವೆ ಓಡಾಡಬೇಕಿದ್ದ ನಗದು ಇರಲಿಲ್ಲ.

ಕೊರೋನಾದಿಂದ ಎಲ್ಲ ಮುಚ್ಚಿದ 2020ರಲ್ಲಂತೂ ತೈಲ, ಅಡಿಕೆ ಎರಡೂ ಒಂದಕ್ಕೊಂದು ಬೆನ್ನು ತಿರುಗಿಸಿದವು. ಏಪ್ರಿಲ್ 20ರಂದು ಅಮೆರಿಕದ ಮುಂಗಡ ಮಾರುಕಟ್ಟೆಯಲ್ಲಿ ತೈಲದ ಬೆಲೆ ಸೊನ್ನೆಗಿಂತ 37 ಡಾಲರ್ ಕೆಳಗೆ ಮುಗಿಯಿತು. ಅಂದರೆ, ದಯವಿಟ್ಟು ಒಯ್ಯಿರಿ, ದುಡ್ಡೂ ಕೊಡುತ್ತೇವೆ ಎಂಬ ಸ್ಥಿತಿ. ಒಕ್ಲಹೋಮದ ಕುಶಿಂಗ್‌ನ ಟ್ಯಾಂಕುಗಳು ತುಂಬುತ್ತ ಬಂದು, ಸುರಿಯಲು ಜಾಗ ಉಳಿದಿರಲಿಲ್ಲ. ಶಿರಸಿಯಲ್ಲೂ ವಹಿವಾಟು ಸ್ತಬ್ಧವಾಗಿತ್ತು. ಆದರೆ ಒಣಗಿದ ಅಡಿಕೆ ಅಟ್ಟದಲ್ಲಿ ವರ್ಷವಾದರೂ ಕೂರುತ್ತದೆ, ಕಾಯಬಲ್ಲದು. ಗಡಿಗಳು ಮುಚ್ಚಿ ಹೊರಗಿನ ಮಾಲು ನಿಂತದ್ದೂ ಸೇರಿ, ಮಾರುಕಟ್ಟೆ ತೆರೆದ ಮೇಲೆ ಧಾರಣೆ ಏರುತ್ತಲೇ ಹೋಯಿತು. (ತೈಲ ಅಷ್ಟು ಅಗ್ಗವಾದರೂ ನಮ್ಮ ಪೆಟ್ರೋಲ್ ಬಂಕಿನ ದರ ಯಾಕೆ ಇಳಿಯಲಿಲ್ಲ ಎಂದು ಕೇಳಬಹುದು. ಆ ಮೇ ತಿಂಗಳಲ್ಲಿ ಕೇಂದ್ರವು ಪೆಟ್ರೋಲಿಗೆ ಲೀಟರಿಗೆ 10 ರೂಪಾಯಿ, ಡೀಸೆಲಿಗೆ 13 ರೂಪಾಯಿ ಸುಂಕ ಏರಿಸಿತು. ಬಂಕಿನ ದರದಲ್ಲಿ ಮಾರುಕಟ್ಟೆಯಷ್ಟೇ ಸರಕಾರವೂ ಇದೆ.)

ಏರಿದ ಬೆಲೆ ತನ್ನ ಎದುರಾಳಿಯನ್ನು ತಾನೇ ಸಾಕುತ್ತದೆ. ತೈಲ 100 ಡಾಲರ್ ದಾಟಿದ್ದರಿಂದಲೇ ಅಮೆರಿಕದವರಿಗೆ ಶೇಲ್ ಬಂಡೆ ಒಡೆದು ಎಣ್ಣೆ ತೆಗೆಯುವುದು ಗಿಟ್ಟಿತು; ಆ ಎಣ್ಣೆಯೇ 2014ರ ಕುಸಿತಕ್ಕೆ ದೊಡ್ಡ ಕಾರಣವಾಯಿತು. ಅಡಿಕೆಯ ಒಳ್ಳೆಯ ಧಾರಣೆ ಚನ್ನಗಿರಿ, ಹೊಳಲ್ಕೆರೆಯ ಬಯಲಿನಲ್ಲಿ ಕೊಳವೆಬಾವಿ ಕೊರೆಸಿತು, ಭತ್ತದ ಗದ್ದೆಗಳನ್ನು ತೋಟ ಮಾಡಿತು. ಬೆಟ್ಟದ ಸೊಪ್ಪು ಹೊತ್ತು ತಂದು ಹಾಕುವ ನಮ್ಮ ಕಣಿವೆಯ ತೋಟಕ್ಕೂ ಆ ಬಯಲಿಗೂ ಖರ್ಚಿನಲ್ಲಿ, ಇಳುವರಿಯಲ್ಲಿ ಹೋಲಿಕೆಯೇ ಇಲ್ಲ.

ಮಾರುವವರು ಒಟ್ಟಾಗಿ ಬೆಲೆ ಹಿಡಿಯಲಾಗದೇ? ತೈಲ ದೇಶಗಳು 1960ರಲ್ಲಿ ಒಪೆಕ್ ಕಟ್ಟಿದವು. ಶಿರಸಿಯ ತೋಟಿಗರ ಸಹಕಾರಿ ಮಾರಾಟ ಸಂಘ ಹುಟ್ಟಿದ್ದು 1923ರಲ್ಲಿ, ಈ ವಿಷಯದಲ್ಲಿ ನಾವೇ ಹಿರಿಯರು! ಆದರೆ ಒಪೆಕ್ ಕೊಳವೆಯ ನಲ್ಲಿ ತಿರುಗಿಸಿ ಉತ್ಪಾದನೆ ತಗ್ಗಿಸಬಲ್ಲದು, ಸಂಘಕ್ಕೆ ಮರದ ನಲ್ಲಿ ಸಿಗದು. ಆದರೂ ಸಂಘದಿಂದ ಅಡಿಕೆಯ ಮೇಲೆ ಸಾಲ ಸಿಕ್ಕರೆ ಮಗಳ ಮದುವೆಗೆಂದು ಬಂದ ಬೆಲೆಗೆ ಮಾರುವ ತುರ್ತು ತಪ್ಪುತ್ತದೆ. ಸಂಘ ಕೊಡಬಲ್ಲದ್ದು ಕಾಯುವ ಶಕ್ತಿಯನ್ನು. ನನ್ನ ಲೆಕ್ಕದಲ್ಲಿ ಅದೇನೂ ಸಣ್ಣದಲ್ಲ. ಆಮದಿನ ಬಾಗಿಲು ಮಾತ್ರ ದಿಲ್ಲಿಯ ಕೈಯಲ್ಲಿದೆ: ಕಿಲೋಗೆ 251 ರೂಪಾಯಿ ಇದ್ದ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ 351ಕ್ಕೆ ಏರಿಸಿದರು. ಅದಕ್ಕೂ ಕೆಲವೇ ತಿಂಗಳ ಹಿಂದೆ ಭೂತಾನಿನ 17,000 ಟನ್ ಹಸಿ ಅಡಿಕೆಗೆ ಆ ನಿರ್ಬಂಧವಿಲ್ಲದೆ ದಾರಿ ಬಿಟ್ಟವರೂ ಅವರೇ.

ಇನ್ನು ಮುಂದೇನು ಎಂದರೆ, 2021ರ ಧಾರಣೆ ನೋಡಿ ನೆಟ್ಟ ಸಸಿಗಳು 2027ರ ಹೊತ್ತಿಗೆ ಕೊನೆ ಬಿಡಲಿವೆ. ಇತ್ತ ಎಲೆಚುಕ್ಕಿ ರೋಗ ಮಲೆನಾಡಿನ ಹಳೆಯ ತೋಟಗಳ ಸೋಗೆಗಳನ್ನು ಒಣಗಿಸುತ್ತಿದೆ. ಒಂದು ಆವಕವನ್ನು ಹಿಗ್ಗಿಸುವ ಕಡೆಗೆ, ಇನ್ನೊಂದು ಕುಗ್ಗಿಸುವ ಕಡೆಗೆ ಎಳೆಯುತ್ತಿದೆ. ಬಯಲಿನ ಸಸಿ ಗೆದ್ದರೆ ಧಾರಣೆ ಇಳಿಯುತ್ತದೆ. ರೋಗ ಗೆದ್ದರೆ ಧಾರಣೆ ಏರುತ್ತದೆ, ಆದರೆ ಮಾರಲು ನಮ್ಮಲ್ಲಿ ಅಡಿಕೆ ಕಡಿಮೆ ಇರುತ್ತದೆ.