ಇಲ್ಲವೆಂದು ಬರೆಯುವವರು ಯಾರು?



ಕಣ್ಮರೆಯಾದ ಮಾಂಸಾಹಾರಿ ಪ್ರಾಣಿಗಳ ಹುಡುಕಾಟದ ಬಗ್ಗೆ ಸುರಪುರದಲ್ಲಿ ವಿಚಾರಸಂಕಿರಣ ಇಟ್ಟುಕೊಂಡಿದ್ದೀರಿ. ಇಂಥ ಸಭೆಗಳು ಕಾಡಿನ ಮಗ್ಗುಲಲ್ಲೇ ನಡೆಯುವುದು ರೂಢಿ. ಎರೆ ಹೊಲ ಮತ್ತು ಬಂಡೆಗುಡ್ಡಗಳ ನಡುವೆ ಇದನ್ನು ಕೂಡಿಸಿದ ಸಂಘಟಕರಿಗೆ ಮೊದಲು ನನ್ನ ನಮಸ್ಕಾರ.

ಈ ಮಾತು ಎತ್ತಿದರೆ ಎಲ್ಲರಿಗೂ ನೆನಪಾಗುವುದು ಆಸ್ಟ್ರೇಲಿಯಾದ ಥೈಲಸೀನ್. ಹೊಟ್ಟೆಚೀಲದಲ್ಲಿ ಮರಿ ಸಾಕುತ್ತಿದ್ದ, ಬೆನ್ನ ಮೇಲೆ ಪಟ್ಟೆಗಳಿದ್ದ ಬೇಟೆಗಾರ. ಅಲ್ಲಿನ ದೊಡ್ಡ ಭೂಭಾಗದಲ್ಲಿ ಸುಮಾರು 3000 ವರ್ಷಗಳ ಹಿಂದೆಯೇ ಅದರ ಕಥೆ ಮುಗಿದಿತ್ತು. ಉಳಿದದ್ದು ಟಾಸ್ಮೇನಿಯಾ ದ್ವೀಪದಲ್ಲಿ. ಕುರಿ ಹಿಡಿಯುತ್ತದೆಂದು ಅಲ್ಲಿನ ಸರ್ಕಾರ 1888ರಿಂದ 1909ರವರೆಗೆ 2184 ಇನಾಮು ಹಂಚಿತು. ಅದನ್ನು ಕೊಲ್ಲಬಾರದೆಂಬ ಕಾನೂನು ಬಂದದ್ದು 1936ರ ಜುಲೈ 10ರಂದು. ಹೋಬಾರ್ಟ್ ಮೃಗಾಲಯದಲ್ಲಿದ್ದ ಕೊನೆಯ ಜೀವ ಸತ್ತದ್ದು ಅದೇ ವರ್ಷದ ಸೆಪ್ಟೆಂಬರ್ 7ರಂದು. ಆದರೂ 2017ರಲ್ಲಿ ಜೇಮ್ಸ್ ಕುಕ್ ವಿಶ್ವವಿದ್ಯಾಲಯದವರು ಉತ್ತರದ ಕೇಪ್ ಯಾರ್ಕ್‌ನಲ್ಲಿ ಅದಕ್ಕಾಗಿ ಕ್ಯಾಮೆರಾ ಕಟ್ಟಲು ಹೊರಟರು. ಆ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಅದರಲ್ಲಿ ಒಂದು ಪಾಲು ಇನಾಮು ಹಂಚುತ್ತಿದ್ದ ಕಾಲದಲ್ಲಿ ಇದ್ದಿದ್ದರೆ ಎಂಬ ಸಂಕಟವೂ ಇದೆ.

ನನ್ನ ತಕರಾರು ಬಹಳ ಹಳೆಯದು. ನಮ್ಮ ಶಾಸ್ತ್ರ ಒಂದು ಪ್ರಾಣಿ ಇದೆ ಎನ್ನಲು ಫೋಟೊ ಕೇಳುತ್ತದೆ, ಹಿಕ್ಕೆ ಕೇಳುತ್ತದೆ. ಇಲ್ಲ ಎನ್ನಲು ಏನನ್ನೂ ಕೇಳುವುದಿಲ್ಲ. ಹುಡುಕಿ ಸಿಗದಿದ್ದುದನ್ನು ಅಚ್ಚುಹಾಕುವವರು ವಿರಳ. ಹುಡುಕದೆಯೇ ಇಲ್ಲವೆಂದು ನಕಾಶೆಯಿಂದ ಅಳಿಸುವವರು ಬಹಳ.

ನಮ್ಮ ಕರಾವಳಿಯ ಮಲಬಾರ್ ಪುನುಗುಬೆಕ್ಕನ್ನೇ ನೋಡಿ. ಪ್ರಾಣಿಶಾಸ್ತ್ರಜ್ಞ ಬ್ಲೈತ್ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟದ್ದು 1862ರಲ್ಲಿ. ಹೊನ್ನಾವರದಿಂದ ಕನ್ಯಾಕುಮಾರಿಯವರೆಗೂ ಅದು ಇದೆ ಎಂದು ಅದೇ ಕಾಲದ ನಿಸರ್ಗತಜ್ಞ ಜೆರ್ಡನ್ ಬರೆದ. 1986ರಲ್ಲಿ ಉಲ್ಲಾಸ ಕಾರಂತರು ಕರ್ನಾಟಕದಲ್ಲಿ ಅದನ್ನು ಕಂಡಿರಬಹುದಾದ ಸಂಗತಿಯನ್ನು ಎಚ್ಚರದಿಂದ ದಾಖಲಿಸಿದರು. ಮರುವರ್ಷ ಮಲಪ್ಪುರಂ ಜಿಲ್ಲೆಯ ಎಳಯೂರಿನ ಕಡೆ, ಗೇರು ತೋಟಗಳ ನಾಡಿನಲ್ಲಿ, ತೊಗಲು ಸಿಕ್ಕಿತು. ಆಮೇಲೆ ಎರಡೂ ರಾಜ್ಯಗಳಲ್ಲಿ ಕ್ಯಾಮೆರಾ ಇಟ್ಟು ಕಾದರೂ ಅದು ಬರಲಿಲ್ಲ. 2010ರಲ್ಲಿ ನಂದಿನಿ ಮತ್ತು ದಿವ್ಯಾ ಮುದ್ದಪ್ಪ ಇನ್ನೂ ಹಿಂದಕ್ಕೆ ಹೋಗಿ ಬುಡವನ್ನೇ ಅಲುಗಿಸುವ ಪ್ರಶ್ನೆ ಕೇಳಿದರು: ಈ ಪ್ರಾಣಿ ಇಲ್ಲಿನದೇ ಹೌದೇ? ಪುನುಗಿನ ವ್ಯಾಪಾರಕ್ಕೆಂದು ಹಡಗೇರಿ ಬಂದ, ಆಗ್ನೇಯ ಏಷ್ಯಾದ ದೊಡ್ಡಚುಕ್ಕೆಯ ಪುನುಗುಬೆಕ್ಕಾಗಿರಬಾರದೇಕೆ?

ಕೈಯಲ್ಲಿರುವುದು ಸತ್ತ ತೊಗಲು, ಬೋನಿನ ಪ್ರಾಣಿ, ವ್ಯಾಪಾರಿಯ ಮಾತು. ಕಾಡಿನಲ್ಲಿ ಬದುಕಿದ್ದಾಗ ಅದನ್ನು ಕೂತು ನೋಡಿ ಬರೆದ ನಾಲ್ಕು ಪುಟ ಇದ್ದಿದ್ದರೆ ಈ ವಾದವೇ ಹುಟ್ಟುತ್ತಿರಲಿಲ್ಲ. ಅದು ಇಲ್ಲಿನದೇ ಎಂಬ ಕಡೆಗೆ ನನ್ನ ಮನಸ್ಸು ವಾಲುತ್ತದೆ. ಆದರೆ ಮನಸ್ಸು ವಾಲುವುದು ಪುರಾವೆಯಾಗದು.

ಇನ್ನು ಈ ನೆಲಕ್ಕೆ ಬರುತ್ತೇನೆ. ಪುರಾತತ್ವಜ್ಞ ಪ್ರೊ. ಕೆ. ಪದ್ದಯ್ಯನವರು ಹುಣಸಗಿ–ಬೈಚಬಾಳ ಕಣಿವೆಯಲ್ಲಿ ಜೀವಮಾನವಿಡೀ ದುಡಿದರು. ಬೂದಿಹಾಳದ ಬೂದಿದಿಬ್ಬದಲ್ಲಿ ನವಶಿಲಾಯುಗದವರು ದನ ಕೂಡುತ್ತಿದ್ದ ದೊಡ್ಡಿಯನ್ನೇ ಅಗೆದು ತೋರಿಸಿದರು. ದೊಡ್ಡಿಯಿದ್ದಲ್ಲಿ ಅದರ ಹೊರಗೆ ತೋಳವೂ ಇರುತ್ತದೆ. ಸಾವಿರಾರು ವರ್ಷ ಜೊತೆಗೆ ಬಾಳಿದ ಈ ಎರಡರ ಲೆಕ್ಕವನ್ನು ನಮ್ಮ ಕಾಲದವರು ಬರೆದಿಟ್ಟಿಲ್ಲ. ಯಾಕೆಂದರೆ ಚಿಗರಿ, ನರಿ, ತೋಳ ಓಡಾಡುವ ಗಾಯರಾಣ ನಮ್ಮ ಸರ್ಕಾರಿ ನಕಾಶೆಗಳಲ್ಲಿ ಪಾಳುಭೂಮಿ. ಪಾಳುಭೂಮಿಯಲ್ಲಿ ಕ್ಯಾಮೆರಾ ಕಟ್ಟಲು ಯಾರು ಹಣ ಕೊಡುತ್ತಾರೆ? ಮೇಲುಕೋಟೆಯಲ್ಲಿ 1974ರಲ್ಲೇ ತೋಳಕ್ಕಾಗಿ ಅಭಯಾರಣ್ಯವಾಯಿತು, ಈಚೆಗೆ ಕೊಪ್ಪಳ ಜಿಲ್ಲೆಯ ಬಂಕಾಪುರಕ್ಕೂ ಆ ಭಾಗ್ಯ ಬಂತು. ಸಂತೋಷ. ಆದರೆ ತೋಳ ಬೇಲಿಯೊಳಗಿನ ಪ್ರಾಣಿಯಲ್ಲ, ಕುರಿಹಿಂಡಿನ ಜಾಡಿನಲ್ಲಿ ಊರೂರು ಸುತ್ತುವಂಥದು.

ಶಹಾಪುರದ ಗುಡ್ಡದ ಹಿಂದೆ ಹೊಲದಲ್ಲಿ ಕುರಿ ತರುಬಿದ್ದ ಒಬ್ಬ ಅಜ್ಜನನ್ನು ಕತ್ತೆಕಿರುಬದ ಬಗ್ಗೆ ಕೇಳಿದ್ದೆ. “ಕೆನಾಲ್ ನೀರ್ ಬರೂಕಿನ ಮೊದಲ ಇತ್ರಿ ಸಾಹೇಬ್ರ. ನೆಲ್ಲು ಹಚ್ಚಿದ ಮ್ಯಾಲ ನಾ ಕಂಡಿಲ್ರಿ” ಎಂದ. ಆಮೇಲೆ ಯಾವ ಬಂಡೆಯ ಪೊಟರೆಯಲ್ಲಿ ಅದು ಮರಿ ಹಾಕುತ್ತಿತ್ತು, ಆ ಬಂಡೆಯನ್ನು ಕ್ವಾರಿಯವರು ಯಾವ ಬರಗಾಲದಲ್ಲಿ ಒಡೆದರು ಎಂಬುದನ್ನೂ ಹೇಳಿದ. ನಾರಾಯಣಪುರ ಅಣೆಕಟ್ಟಿನ ಕಾಲುವೆಗೆ ದಾಖಲೆಯಿದೆ, ಬರಕ್ಕೆ ದಾಖಲೆಯಿದೆ. ಹೀಗೆ ಒಂದು ಊರಿನ ಒಂದು ಪ್ರಾಣಿ ಹೋದ ಕಾಲ, ಹೋದ ಕಾರಣ ಎರಡೂ ಒಂದೇ ಮಾತಿನಲ್ಲಿ ಸಿಕ್ಕವು. ಇಂಥದನ್ನು ನಾವು ‘ಹೇಳಿಕೆ’ ಎಂದು ಅಡಿಟಿಪ್ಪಣಿಗೆ ತಳ್ಳುತ್ತೇವೆ. ಜೆರ್ಡನ್‌ ಹೇಳಿದ್ದನ್ನು ಮಾತ್ರ ನೂರೈವತ್ತು ವರ್ಷದಿಂದ ಉಲ್ಲೇಖಿಸುತ್ತ ಬಂದಿದ್ದೇವೆ.

ಆದ್ದರಿಂದ ಸಂಘಟಕರಲ್ಲಿ ಒಂದು ವಿನಂತಿ. ಕಾರ್ಯಕ್ರಮ ಪಟ್ಟಿಯಲ್ಲಿ ಕುರಿಗಾಹಿಗಳೊಂದಿಗಿನ ಸಂವಾದವನ್ನು ನಾಳೆ ಸಂಜೆ, ಚಹಾದ ನಂತರ ಇಟ್ಟಿದ್ದೀರಿ. ಆ ಹೊತ್ತಿಗೆ ಅವರು ಹಿಂಡು ಹೊಡೆದುಕೊಂಡು ಹೋಗಬೇಕಾಗುತ್ತದೆ. ಅದನ್ನು ಇಂದೇ, ಮೊದಲ ಗೋಷ್ಠಿಯಾಗಿ ಇಡಿ. ಪ್ರಬಂಧ ಓದುವವರೆಲ್ಲ ಎದುರಿಗೆ ಕೂತು ಬರೆದುಕೊಳ್ಳಲಿ: ಯಾವ ಪ್ರಾಣಿ, ಯಾವ ಸೀಮೆ, ಕೊನೆಗೆ ಕಂಡದ್ದು ಯಾವ ವರ್ಷ, ಹುಡುಕಿಯೂ ಕಾಣದಿದ್ದುದು ಎಲ್ಲೆಲ್ಲಿ. ನನ್ನ ಸಮಯದಲ್ಲಿ ಉಳಿದಿರುವುದನ್ನೂ ಅವರಿಗೇ ಬಿಟ್ಟುಕೊಡುತ್ತೇನೆ.